ಒಂದೂ ಇಂಟರ್‌ವ್ಯೂ ಬರಲಿಲ್ಲ, ಮೆಡಿಕಲ್ ಸ್ಕೂಲ್‌ಗೆ ಮತ್ತೆ ಅರ್ಜಿ ಯಾವಾಗ ಹಾಕಬೇಕು?

ಪ್ರಶ್ನೆ: ನಮ್ಮದು ಹಾಸನದ ಕಡೆ. ಬಹಳ ವರ್ಷಗಳಿಂದ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಮಗಳು ಇಲ್ಲೇ ಹುಟ್ಟಿದವಳು, 2025ರಲ್ಲಿ ಬಯಾಲಜಿ ಡಿಗ್ರಿ ಮುಗಿಸಿದಳು. ಜಿಪಿಎ (ಡಿಗ್ರಿಯ ಸರಾಸರಿ ಅಂಕ) 4ಕ್ಕೆ 3.71, ಸೈನ್ಸ್ ಜಿಪಿಎ 3.58. ವೈದ್ಯ ಶಾಲೆಗಳ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನಲ್ಲಿ 509, ಅದರಲ್ಲಿ ಕಾರ್ಸ್ ವಿಭಾಗದಲ್ಲಿ 124. ಎರಡು ವರ್ಷ ಲ್ಯಾಬಿನಲ್ಲಿ ರಿಸರ್ಚ್ ಮಾಡಿದ್ದಾಳೆ. ನಮ್ಮ ಸ್ನೇಹಿತರಾದ ಡಾಕ್ಟರೊಬ್ಬರ ಜೊತೆ ನಿಂತು ಅವರ ಕೆಲಸ ನೋಡುವ ಶ್ಯಾಡೋಯಿಂಗ್, ಆಸ್ಪತ್ರೆಯಲ್ಲಿ ಅರುವತ್ತು ಗಂಟೆ ವಾಲಂಟಿಯರಿಂಗ್ ಆಗಿದೆ. ಎಂಕ್ಯಾಟ್ ಫಲಿತಾಂಶಕ್ಕೆ ಕಾದು ಆಗಸ್ಟ್ ಕೊನೆಗೆ ಹದಿನಾರು ಶಾಲೆಗಳಿಗೆ ಅರ್ಜಿ ಹಾಕಿದಳು. ಒಂದು ಕಡೆಯಿಂದಲೂ ಇಂಟರ್‌ವ್ಯೂಗೆ ಕರೆ ಬರಲಿಲ್ಲ. ಈಗ ರೂಮು ಬಿಟ್ಟು ಹೊರಗೆ ಬರುವುದೇ ಕಮ್ಮಿ. ಈ ಜೂನ್‌ನಲ್ಲೇ ಮತ್ತೆ ಹಾಕಿಸೋಣವೇ? ಒಂದು ಮಾಸ್ಟರ್ಸ್ ಮಾಡಿಸಿದರೆ ಅನುಕೂಲವೇ? ಊರಿನವರು ಎನ್‌ಆರ್‌ಐ ಸೀಟ್ ಕೊಡಿಸಿ, ಅಲ್ಲೇ ಎಂಬಿಬಿಎಸ್ ಮುಗಿಸಿಕೊಂಡು ಬರಲಿ ಅನ್ನುತ್ತಿದ್ದಾರೆ. ಅವಳ ಒಪ್ಪಿಗೆ ಪಡೆದೇ ಅವಳ ಪ್ರಬಂಧ ಮತ್ತು ಶಾಲೆಗಳ ಪಟ್ಟಿಯನ್ನು ಜೊತೆಗಿಟ್ಟಿದ್ದೇನೆ. ಡಿಒ (ಆಸ್ಟಿಯೋಪಥಿಕ್) ಶಾಲೆಗಳೂ ಇವೆ ಅನ್ನುತ್ತಾರೆ, ಅದು ನಿಜವಾದ ಡಾಕ್ಟರ್ ಡಿಗ್ರಿಯಾ? ಕಾರ್ಸ್‌ನಲ್ಲಿ ಕಮ್ಮಿಯಾದದ್ದು ಮನೆಯಲ್ಲಿ ಕನ್ನಡ ಮಾತಾಡಿದ್ದರಿಂದಲೇ?

ಉತ್ತರ: ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಈ ಜೂನ್‌ನಲ್ಲಿ ಹಾಕುವುದು ಬೇಡ, 2027ರ ಜೂನ್‌ಗೆ ಹಾಕಲಿ. ಮಾಸ್ಟರ್ಸ್ ಬೇಡ. ಊರಿನ ಸೀಟಿನ ವಿಷಯ ಸ್ವಲ್ಪ ದೊಡ್ಡದು, ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ವರ್ಷ ದಂಡವಾಯಿತಲ್ಲ ಎಂದು ನಿಮ್ಮ ಹೊಟ್ಟೆ ಉರಿಯುವುದು ನನಗೆ ಗೊತ್ತು. ಈ ಜೂನ್‌ನಲ್ಲಿ ಹಾಕಿದರೆ 2027ರ ಆಗಸ್ಟ್‌ನಲ್ಲಿ ತರಗತಿ, ಮುಂದಿನ ಜೂನ್‌ನಲ್ಲಿ ಹಾಕಿದರೆ 2028ರಲ್ಲಿ. ಆದರೆ ಅಡ್ಮಿಷನ್ ಕಮಿಟಿಯಲ್ಲಿ ಕೂತು ಅರ್ಜಿಗಳನ್ನು ಓದಿದವನಾಗಿ ಒಂದು ಮಾತು ಕೇಳುತ್ತೇನೆ: ಈಗ 2026ರ ಏಪ್ರಿಲ್. ಜೂನ್ ಮೊದಲ ವಾರಕ್ಕೆ ಉಳಿದಿರುವುದು ಆರೇಳು ವಾರ. ಅಷ್ಟರಲ್ಲಿ ಅವಳ ಅರ್ಜಿಯಲ್ಲಿ ಬದಲಾಗುವುದು ಏನು? ಜಿಪಿಎ ಅದೇ, ಎಂಕ್ಯಾಟ್ ಅದೇ, ಅರುವತ್ತು ಗಂಟೆ ನೂರಾಗಬಹುದು. ಪ್ರಬಂಧದ ಭಾಷೆ ತಿದ್ದಬಹುದು. ಅಷ್ಟೇ. ಎರಡನೇ ಸಲ ಹಾಕುವವರಿಗೆ ಅನೇಕ ಶಾಲೆಗಳು ತಮ್ಮ ಸೆಕೆಂಡರಿ ಅರ್ಜಿಯಲ್ಲಿ (ಮೊದಲ ಸಾಮಾನ್ಯ ಅರ್ಜಿಯ ನಂತರ ಪ್ರತಿ ಶಾಲೆಯೂ ಬೇರೆಯಾಗಿ ತುಂಬಿಸುವ ಅರ್ಜಿ) ಬಿಡಿಸಿ ಕೇಳುತ್ತವೆ: ಹಿಂದೆ ನಮ್ಮಲ್ಲಿಗೆ ಹಾಕಿದ್ದೀರಾ, ಆಮೇಲೆ ಏನು ಮಾಡಿದ್ದೀರಿ? ಹಳೆಯ ಅರ್ಜಿಯನ್ನು ಹೊಸದರ ಪಕ್ಕಕ್ಕಿಟ್ಟು ಓದುವ ಶಾಲೆಗಳಿವೆ. ನಮ್ಮಲ್ಲಿಗೆ ಇಷ್ಟೇ ಸಲ ಹಾಕಬಹುದು ಎಂದು ಮಿತಿ ಹಾಕಿದ ಶಾಲೆಗಳೂ ಇವೆ. ಹಾಗಿರುವಾಗ ಒಂದು ಅವಕಾಶವನ್ನು ಅದೇ ಅರ್ಜಿಗೆ ಖರ್ಚು ಮಾಡಿ, ಮೂರನೇ ಸಲ ಹಾಕುವವಳು ಎನಿಸಿಕೊಳ್ಳುವುದಕ್ಕಿಂತ ಎರಡನೇ ಸಲವೇ ಗಟ್ಟಿಯಾಗಿ ಹಾಕುವುದು ಲೇಸು.

ದುಡ್ಡಿನ ಲೆಕ್ಕವೂ ಸಣ್ಣದಲ್ಲ. ಬಹುಪಾಲು ಎಂಡಿ ಶಾಲೆಗಳಿಗೆ (ಎಂಡಿ ಅಂದರೆ ಇಲ್ಲಿ ವೈದ್ಯರ ಮೂಲ ಡಿಗ್ರಿ, ಊರಿನ ಎಂಬಿಬಿಎಸ್ ಇದ್ದಂತೆ) ಸಾಮಾನ್ಯವಾದ ಆಮ್‌ಕ್ಯಾಸ್ ಅರ್ಜಿಗೆ ಮೊದಲ ಶಾಲೆಗೇ ಸುಮಾರು 175 ಡಾಲರ್, ಆಮೇಲೆ ಒಂದೊಂದಕ್ಕೂ ನಲವತ್ತರ ಮೇಲೆ. ಅದರ ಮೇಲೆ ಪ್ರತಿ ಶಾಲೆಯ ಸೆಕೆಂಡರಿ ಶುಲ್ಕ ಬೇರೆ. ಹೋದ ಸಲ ಎಷ್ಟಾಯಿತೆಂದು ನೀವೇ ಕೂಡಿಸಿ ನೋಡಿದ್ದೀರಿ.

ಈಗ ರೋಗ ಎಲ್ಲಿದೆ ಎಂದು ನೋಡೋಣ. ಇಂಟರ್‌ವ್ಯೂಗೆ ಕರೆದು ಆಮೇಲೆ ಬೇಡ ಅಂದಿದ್ದರೆ ತೊಂದರೆ ಮಾತಿನಲ್ಲಿ, ನಡವಳಿಕೆಯಲ್ಲಿ ಹುಡುಕಬೇಕಿತ್ತು. ವೇಟ್‌ಲಿಸ್ಟ್‌ನಲ್ಲಿ ಇಟ್ಟಿದ್ದರೆ ಅರ್ಜಿ ಹೆಚ್ಚುಕಮ್ಮಿ ಸರಿಯಾಗಿತ್ತು, ಕೂದಲೆಳೆಯಲ್ಲಿ ತಪ್ಪಿತು ಎನ್ನಬಹುದಿತ್ತು. ನಿಮ್ಮ ಮಗಳಿಗೆ ಕರೆಯೇ ಬಂದಿಲ್ಲ. ಅಂದರೆ ತೊಂದರೆ ಪೂರ್ತಿಯಾಗಿ ಕಾಗದದ ಮೇಲಿದೆ. ಇಂಟರ್‌ವ್ಯೂ ಕೋಚಿಂಗ್‌ಗೆ ಈಗ ಒಂದು ಡಾಲರೂ ಖರ್ಚು ಮಾಡಬೇಡಿ. ಅವಳು ಕಳಿಸಿದ್ದನ್ನೆಲ್ಲ ಓದಿದೆ. ನನಗೆ ಕಂಡದ್ದು ನಾಲ್ಕು ಕೊರತೆ, ನಾಲ್ಕನ್ನೂ ಸರಿ ಮಾಡಬಹುದು. ಅವುಗಳಲ್ಲಿ ಎರಡಕ್ಕೆ ಸಮಯ ಬೇಕು, ಎರಡಕ್ಕೆ ತಿಳಿವಳಿಕೆ ಸಾಕು.

ಎಲ್ಲಕ್ಕಿಂತ ದೊಡ್ಡ ಕೊರತೆ ರೋಗಿಗಳ ಹತ್ತಿರ ಕಳೆದ ಸಮಯದ್ದು. ಅರುವತ್ತು ಗಂಟೆ ಎಂದರೆ ವಾರಕ್ಕೆ ನಾಲ್ಕು ಗಂಟೆಯಂತೆ ಒಂದು ಸೆಮಿಸ್ಟರ್. ಎರಡು ವರ್ಷ ಲ್ಯಾಬಿನಲ್ಲಿ ಕೆಲಸ ಮಾಡಿ, ಆಸ್ಪತ್ರೆಗೆ ಒಂದೇ ಸೆಮಿಸ್ಟರ್ ಹೋದ ಹುಡುಗಿಯ ಅರ್ಜಿ ಓದುವವರ ಮನಸ್ಸಿನಲ್ಲಿ ಒಂದು ಸಹಜ ಪ್ರಶ್ನೆ ಏಳುತ್ತದೆ: ಇವಳಿಗೆ ಬೇಕಾಗಿರುವುದು ವೈದ್ಯವೃತ್ತಿಯೋ, ಪಿಎಚ್‌ಡಿಯೋ? ಅವಳು ಲ್ಯಾಬಿನ ಕೆಲಸ ಚೆನ್ನಾಗಿಯೇ ಮಾಡಿದ್ದಾಳೆ, ಅದು ವ್ಯರ್ಥವಾಗುವುದಿಲ್ಲ. ಆದರೆ ಕಾಯಿಲೆಯವರ ವಾಸನೆ, ಕೋಪ, ಭಯ, ಕಾಯುವಿಕೆ ಇವನ್ನೆಲ್ಲ ಹತ್ತಿರದಿಂದ ನೋಡಿಯೂ ಈ ಕೆಲಸವೇ ಬೇಕು ಎಂದು ತೀರ್ಮಾನಿಸಿದ್ದಾಳೆ ಅನ್ನುವುದಕ್ಕೆ ಸಾಕ್ಷಿ ಅರ್ಜಿಯಲ್ಲಿ ಇಲ್ಲ. ನಿಮ್ಮ ಸ್ನೇಹಿತರ ಕ್ಲಿನಿಕ್‌ನಲ್ಲಿ ನಿಂತು ನೋಡಿದ್ದು ಶ್ಯಾಡೋಯಿಂಗ್. ಅದು ಬೇಕು, ಆದರೆ ಅಲ್ಲಿ ಅವಳ ಮೇಲೆ ಯಾವ ಹೊಣೆಯೂ ಇರಲಿಲ್ಲ. ಆ ಡಾಕ್ಟರಿಂದ ಪಡೆದ ಶಿಫಾರಸು ಪತ್ರವನ್ನೂ ಮುಂದಿನ ಸಲ ಬಿಟ್ಟುಬಿಡಿ. ಮನೆಯ ಸ್ನೇಹಿತರು ಒಳ್ಳೆಯದನ್ನೇ ಬರೆಯುತ್ತಾರೆ ಎಂದು ಓದುವವರಿಗೂ ಗೊತ್ತು.

ಹಾಗಾಗಿ ಈ ವರ್ಷ ಅವಳು ಕೆಲಸಕ್ಕೆ ಸೇರಬೇಕು, ಸಂಬಳದ ಕೆಲಸಕ್ಕೆ. ಮೆಡಿಕಲ್ ಅಸಿಸ್ಟೆಂಟ್ ಆಗಬಹುದು: ರೋಗಿಯನ್ನು ಒಳಗೆ ಕರೆದು ಕೂರಿಸಿ, ಬಿಪಿ ನೋಡಿ, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳುವ ಕೆಲಸ. ಡಾಕ್ಟರ ಪಕ್ಕದಲ್ಲಿದ್ದು ಟಿಪ್ಪಣಿ ಬರೆದುಕೊಳ್ಳುವ ಸ್ಕ್ರೈಬ್ ಆದರೆ ಡಾಕ್ಟರು ಹೇಗೆ ಯೋಚಿಸುತ್ತಾರೆ ಅನ್ನುವುದು ಹತ್ತಿರದಿಂದ ಕಾಣುತ್ತದೆ, ಆದರೆ ರೋಗಿಯ ಜೊತೆ ಮಾತು ಕಡಿಮೆ. ಕೆಲವು ತಿಂಗಳ ಕೋರ್ಸ್ ಮಾಡಿ ಪರೀಕ್ಷೆ ಪಾಸಾದರೆ ಇಎಂಟಿ (ತುರ್ತು ಚಿಕಿತ್ಸೆಯ ಸಿಬ್ಬಂದಿ) ಆಗಿ ಆಂಬುಲೆನ್ಸ್‌ನಲ್ಲಿ ಹೋಗಬಹುದು. ನ್ಯೂಜೆರ್ಸಿಯ ಎಷ್ಟೋ ಊರುಗಳಲ್ಲಿ ವಾಲಂಟಿಯರ್ ಫಸ್ಟ್ ಏಡ್ ಸ್ಕ್ವಾಡ್‌ಗಳಿವೆ, ಅವುಗಳಿಗೆ ಯಾವಾಗಲೂ ಜನ ಬೇಕು. ಈ ಮೂರರಲ್ಲಿ ನನ್ನ ಆಯ್ಕೆ ಮೆಡಿಕಲ್ ಅಸಿಸ್ಟೆಂಟ್, ಅದೂ ಇನ್ಶೂರೆನ್ಸ್ ಇಲ್ಲದವರು, ಬಡವರು ಹೆಚ್ಚಾಗಿ ಬರುವ ಕಮ್ಯುನಿಟಿ ಹೆಲ್ತ್ ಸೆಂಟರ್‌ನಲ್ಲಿ. ಇದೇ ಮೇ ತಿಂಗಳಲ್ಲಿ ಶುರು ಮಾಡಿದರೆ ಮುಂದಿನ ಜೂನ್‌ಗೆ ಸಾವಿರದೈನೂರು ಗಂಟೆ ದಾಟುತ್ತದೆ. ಅರ್ಜಿಯಲ್ಲಿ ‘ಮುಂದೆ ಮಾಡಲಿರುವ’ ಗಂಟೆಗಳನ್ನು ತೋರಿಸಲೂ ಅವಕಾಶವಿದೆ ನಿಜ, ಆದರೆ ಓದುವವರು ನಂಬುವುದು ಮಾಡಿ ಮುಗಿಸಿದ್ದನ್ನು. ಈ ಜೂನ್ ಬೇಡ ಅನ್ನುವುದಕ್ಕೆ ಇದೇ ಮುಖ್ಯ ಕಾರಣ.

ಊರಿಗೆ ಹೋದಾಗ ಹಾಸನದಲ್ಲಿ ಒಂದು ತಿಂಗಳು ಮೆಡಿಕಲ್ ಕ್ಯಾಂಪ್‌ನಲ್ಲಿ ತೊಡಗಿಸಿದರೆ ಹೇಗೆ ಎಂದು ಕೆಲವು ತಂದೆತಾಯಿಯರು ಕೇಳುತ್ತಾರೆ. ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನೋಡಿ ಕಲಿಯಲು ಹೋಗುವುದಾದರೆ ಅಡ್ಡಿಯಿಲ್ಲ. ತರಬೇತಿ ಇಲ್ಲದ ವಿದ್ಯಾರ್ಥಿ ಅಲ್ಲಿ ಇಂಜೆಕ್ಷನ್ ಕೊಟ್ಟೆ, ಹೊಲಿಗೆ ಹಾಕಿದೆ ಎಂದು ಬರೆದರೆ ಇಲ್ಲಿ ಅದು ದೊಡ್ಡ ಮೈನಸ್. ಅಮೆರಿಕದ ವೈದ್ಯ ಶಾಲೆಗಳ ಸಂಘವಾದ ಎಎಎಂಸಿ ಇದರ ಬಗ್ಗೆ ಸ್ಪಷ್ಟ ಮಾರ್ಗಸೂಚಿಯನ್ನೇ ಹೊರಡಿಸಿದೆ. ಇಲ್ಲಿ ಮಾಡಲು ಪರವಾನಗಿ ಇಲ್ಲದ್ದನ್ನು ಅಲ್ಲಿಯ ಬಡವರ ಮೈಮೇಲೆ ಕಲಿತೆ ಎಂದು ಅದರ ಅರ್ಥವಾಗುತ್ತದೆ.

ಕನ್ನಡ ಕೂಟದಲ್ಲಿ ಅವಳು ನಾಲ್ಕು ವರ್ಷ ಮಕ್ಕಳಿಗೆ ಕನ್ನಡ ಹೇಳಿಕೊಟ್ಟಿದ್ದಾಳೆ. ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ, ಅವಳ ಅರ್ಜಿಯಲ್ಲೂ ಅದು ಒಂದೇ ಸಾಲಿನಲ್ಲಿ ಮೂಲೆಗೆ ಬಿದ್ದಿದೆ. ಪ್ರತಿ ಭಾನುವಾರ ಬೆಳಿಗ್ಗೆ ಎದ್ದು ಹೋಗಿ, ಒತ್ತಕ್ಷರ ಬಾರದೆ ಅಳುವ ಏಳು ವರ್ಷದ ಮಗುವಿಗೆ ತಾಳ್ಮೆಯಿಂದ ಕಲಿಸುವುದು ಡಾಕ್ಟರಿಗೆ ಬೇಕಾದ ಗುಣವೇ. ಅದನ್ನು ಮುಂದಕ್ಕೆ ತರಬೇಕು. ಅದರ ಜೊತೆಗೆ ನಮ್ಮ ಜನರ ವಲಯದಿಂದ ಆಚೆಯೂ ಒಂದು ಸೇವೆ ಇರಲಿ. ಬಡವರಿಗೆ ಆಹಾರ ಹಂಚುವ ಫುಡ್ ಪ್ಯಾಂಟ್ರಿಯೋ, ಹಾಸ್ಪಿಸ್‌ನಲ್ಲಿ ಕೊನೆಯ ದಿನಗಳಲ್ಲಿರುವವರ ಜೊತೆ ಕೂರುವುದೋ, ಯಾವುದಾದರೂ ಒಂದು. ನಾಲ್ಕು ಕಡೆ ಹತ್ತತ್ತು ಗಂಟೆಗಿಂತ ಒಂದೇ ಕಡೆ ವರ್ಷಪೂರ್ತಿ ಹೋಗುವುದು ಮೇಲು.

ಎರಡನೆಯದು ಎಂಕ್ಯಾಟ್. 528ಕ್ಕೆ 509 ತೀರಾ ಕೆಟ್ಟ ಅಂಕವಲ್ಲ. ಎಂಡಿ ಶಾಲೆಗೆ ಸೇರಿದವರ ಸರಾಸರಿ ಈಚಿನ ವರ್ಷಗಳಲ್ಲಿ 512ರ ಹತ್ತಿರವಿದೆ, ಅವರ ಜಿಪಿಎ ಸರಾಸರಿ 3.8ರ ಹತ್ತಿರ. ಹಾಗೆ ನೋಡಿದರೆ ಅವಳು ಸ್ವಲ್ಪ ಕೆಳಗಿದ್ದಾಳೆ, ಆದರೆ ದೂರವಿಲ್ಲ. ನನ್ನ ಕಣ್ಣಿಗೆ ಬೀಳುವುದು ಒಟ್ಟು ಅಂಕಕ್ಕಿಂತ ಆ 124. ಪ್ರತಿ ವಿಭಾಗಕ್ಕೂ 118ರಿಂದ 132ರವರೆಗೆ ಅಂಕ, ನಡು 125. ಉಳಿದ ಮೂರರಲ್ಲಿ 127, 129, 129 ತೆಗೆದವಳು ಇದೊಂದರಲ್ಲಿ ನಡುಗೆರೆಯ ಕೆಳಗಿದ್ದಾಳೆ. ಒಟ್ಟು ಅಂಕ ಸಾಕಾದರೂ ಒಂದು ವಿಭಾಗ ಕುಸಿದಿದ್ದರೆ ಅರ್ಜಿಯನ್ನು ಪಕ್ಕಕ್ಕಿಡುವ ಶಾಲೆಗಳಿವೆ.

ಕಾರ್ಸ್ ಎಂದರೆ ಓದಿ ಅರ್ಥಮಾಡಿಕೊಳ್ಳುವ ವಿಭಾಗ. ತೊಂಬತ್ತು ನಿಮಿಷ, ಒಂಬತ್ತು ಬರಹ, ಐವತ್ತಮೂರು ಪ್ರಶ್ನೆ. ವಿಜ್ಞಾನದ ಒಂದು ಸಾಲೂ ಇರುವುದಿಲ್ಲ. ಕಲೆ, ಇತಿಹಾಸ, ತತ್ವಶಾಸ್ತ್ರ, ಸಮಾಜ ಇಂಥ ವಿಷಯಗಳ ಬರಹ ಕೊಟ್ಟು, ಲೇಖಕ ಏನು ಹೇಳುತ್ತಿದ್ದಾನೆ, ಅವನು ಇದಕ್ಕೆ ಒಪ್ಪುತ್ತಾನೆಯೇ, ಈ ಹೊಸ ಸಂಗತಿ ಗೊತ್ತಾದರೆ ಅವನ ವಾದ ಗಟ್ಟಿಯಾಗುತ್ತದೆಯೋ ಸಡಿಲವಾಗುತ್ತದೆಯೋ ಎಂದು ಕೇಳುತ್ತಾರೆ. ಮನೆಯಲ್ಲಿ ಕನ್ನಡ ಮಾತಾಡಿದ್ದರಿಂದ ಹೀಗಾಯಿತೇ ಎಂದು ನೀವು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಖಂಡಿತ ಅಲ್ಲ, ಆ ಕೊರಗನ್ನು ಬಿಟ್ಟುಬಿಡಿ. ವಿಜ್ಞಾನದಲ್ಲಿ ಚುರುಕಾದ ಮಕ್ಕಳು ಇಲ್ಲಿ ಎಡವುವುದಕ್ಕೆ ಬೇರೆ ಕಾರಣವಿದೆ. ಅವರು ತಮಗೆ ಗೊತ್ತಿರುವುದನ್ನು ಉತ್ತರದೊಳಗೆ ತರುತ್ತಾರೆ. ಉದಾಹರಣೆಗೆ, ಮ್ಯೂಸಿಯಂಗಳ ಬಗ್ಗೆ ಒಂದು ಬರಹವಿದೆ ಎಂದುಕೊಳ್ಳಿ. ಲೂಟಿ ಮಾಡಿ ತಂದ ವಿಗ್ರಹಗಳನ್ನು ಹಿಂದಿರುಗಿಸುವುದು ಕಷ್ಟ ಎಂದಷ್ಟೇ ಲೇಖಕ ಹೇಳಿದ್ದಾನೆ. ಹಿಂದಿರುಗಿಸಬೇಕು ಎಂದು ನಿಮ್ಮ ಮಗಳಿಗೆ ಮನಸ್ಸಿನಲ್ಲಿ ಗಟ್ಟಿಯಾಗಿದೆ. ನಾಲ್ಕು ಆಯ್ಕೆಗಳಲ್ಲಿ ಅವಳ ಅಭಿಪ್ರಾಯಕ್ಕೆ ಹೊಂದುವ ಒಂದು ಚೆಂದದ ಉತ್ತರ ಇದ್ದೇ ಇರುತ್ತದೆ. ಕೈ ಅದರ ಮೇಲೆ ಹೋಗುತ್ತದೆ. ಸರಿಯುತ್ತರ ಮಾತ್ರ ಲೇಖಕ ಹೇಳಿದ ಸಪ್ಪೆ ಮಾತೇ ಆಗಿರುತ್ತದೆ.

ಇದು ಎರಡು ವಾರದ ಕ್ರ್ಯಾಶ್ ಕೋರ್ಸ್‌ನಲ್ಲಿ ಸರಿಹೋಗುವುದಿಲ್ಲ. ದಿನಕ್ಕೆ ಎರಡು ಬರಹ, ಗಡಿಯಾರ ಇಟ್ಟುಕೊಂಡು, ತಿಂಗಳುಗಟ್ಟಲೆ ಮಾಡಬೇಕು. ತಪ್ಪಾದ ಪ್ರತಿ ಪ್ರಶ್ನೆಗೂ ‘ನನ್ನ ಉತ್ತರಕ್ಕೆ ಬರಹದ ಯಾವ ಸಾಲು ಆಧಾರ?’ ಎಂದು ಬರೆದಿಡಬೇಕು. ಆಧಾರದ ಸಾಲು ಸಿಗದಿದ್ದರೆ ಅದು ಅವಳ ತಲೆಯಿಂದ ಬಂದದ್ದು. ಎಎಎಂಸಿಯ ಅಭ್ಯಾಸ ಪ್ರಶ್ನೆಗಳನ್ನೇ ಬಳಸಲಿ, ಬೇರೆ ಕಂಪನಿಗಳ ಕಾರ್ಸ್ ಪ್ರಶ್ನೆಗಳ ಧಾಟಿ ಬೇರೆ.

ಮತ್ತೆ ಬರೆಯಬೇಕೇ ಎಂದು ಈಗಲೇ ತೀರ್ಮಾನಿಸಬೇಡಿ. ಹೊಸ ಅಂಕ ಬಂದರೂ ಹಳೆಯದು ಅಳಿಸಿಹೋಗುವುದಿಲ್ಲ, ಶಾಲೆಗಳಿಗೆ ಎರಡೂ ಕಾಣುತ್ತವೆ. ಎರಡನೇ ಸಲ 507 ಬಂದರೆ ಅದು 509 ಒಂದೇ ಇದ್ದುದಕ್ಕಿಂತ ಕೆಟ್ಟದು. ಎಎಎಂಸಿಯ ಪೂರ್ಣ ಅಭ್ಯಾಸ ಪರೀಕ್ಷೆಗಳಲ್ಲಿ ಸತತವಾಗಿ 513ರ ಮೇಲೆ, ಕಾರ್ಸ್‌ನಲ್ಲಿ 127ರ ಮೇಲೆ ಬರುತ್ತಿದ್ದರೆ ಮಾತ್ರ ಕೂರಲಿ. 2027ರ ಜನವರಿಯಲ್ಲಿ ಅಥವಾ ವಸಂತದಲ್ಲಿ ಬರೆದರೆ, ಸುಮಾರು ಒಂದು ತಿಂಗಳಲ್ಲಿ ಅಂಕ ಬರುತ್ತದೆ. ಜೂನ್‌ಗೆ ಮೊದಲೇ ಅಂಕ ಕೈಯಲ್ಲಿದ್ದರೆ ಶಾಲೆಗಳ ಪಟ್ಟಿ ಅದಕ್ಕೆ ತಕ್ಕಂತೆ ಮಾಡಬಹುದು. ಜೀವಮಾನದಲ್ಲಿ ಏಳು ಸಲ ಬರೆಯಬಹುದು ಅನ್ನುವುದು ನಿಯಮ. ಮೂರನೇ ಸಲದ ಹೊತ್ತಿಗೇ ಓದುವವರ ಹುಬ್ಬು ಮೇಲೇರುತ್ತದೆ. ಇನ್ನೊಂದು ಮಾತು: ಎರಡು–ಮೂರು ವರ್ಷಕ್ಕಿಂತ ಹಳೆಯ ಅಂಕವನ್ನು ಬಹುಪಾಲು ಶಾಲೆಗಳು ತೆಗೆದುಕೊಳ್ಳುವುದಿಲ್ಲ. ಮತ್ತೆ ಬರೆಯದಿದ್ದರೆ ಪಟ್ಟಿಯ ಪ್ರತಿ ಶಾಲೆಯ ನಿಯಮವನ್ನೂ ನೋಡಿಕೊಳ್ಳಬೇಕು.

ಮಾಸ್ಟರ್ಸ್ ಯಾಕೆ ಬೇಡ ಅಂದೆನೆಂದರೆ, ಅದು ಬೇರೆ ಕಾಯಿಲೆಯ ಮದ್ದು. ಸ್ಪೆಷಲ್ ಮಾಸ್ಟರ್ಸ್ ಎಂದು ಕರೆಯುವ ಕೋರ್ಸ್‌ಗಳು ಜಿಪಿಎ 3.3, 3.4ರ ಆಸುಪಾಸಿನಲ್ಲಿ ಇರುವವರಿಗೆ, ನಾನು ವೈದ್ಯ ಶಾಲೆಯ ಮಟ್ಟದ ಓದನ್ನು ತಡೆದುಕೊಳ್ಳಬಲ್ಲೆ ಎಂದು ತೋರಿಸಿಕೊಡಲು ಇರುವಂಥವು. ಖರ್ಚು ಹತ್ತಾರು ಸಾವಿರ ಡಾಲರ್. ಆ ಅಂಕಗಳು ಆಮ್‌ಕ್ಯಾಸ್‌ನಲ್ಲಿ ಡಿಗ್ರಿಯ ಜಿಪಿಎ ಜೊತೆ ಸೇರುವುದೂ ಇಲ್ಲ, ಬೇರೆ ಸಾಲಿನಲ್ಲಿ ನಿಲ್ಲುತ್ತವೆ. ಅವಳದು 3.71. ಡಿಗ್ರಿ ಮಟ್ಟದಲ್ಲೇ ಇನ್ನೂ ನಾಲ್ಕು ಕೋರ್ಸ್ ತೆಗೆದುಕೊಂಡು ನಾಲ್ಕರಲ್ಲೂ ಎ ಬಂದರೂ ಒಟ್ಟು 3.74ಕ್ಕೆ ಏರೀತು, ಅಷ್ಟೇ. ನಾಲ್ಕು ವರ್ಷದ ಅಂಕ ಹೆಪ್ಪುಗಟ್ಟಿರುತ್ತದೆ, ಅಲುಗುವುದು ಕಷ್ಟ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಅಂಕಪಟ್ಟಿ) ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಬಿ ಮೈನಸ್, ಫಿಸಿಕ್ಸ್‌ನಲ್ಲಿ ಬಿ ಇದೆ, ಕೊನೆಯ ವರ್ಷದ ವಿಜ್ಞಾನದ ವಿಷಯಗಳೆಲ್ಲ ಎ. ಏರುಮುಖವಿದೆ, ಅದು ಸಾಕು. ಕೆಲಸ ಮಾಡುತ್ತ ಸಂಜೆ ಬಯೋಕೆಮಿಸ್ಟ್ರಿಯ ಮುಂದಿನ ಒಂದು ಕೋರ್ಸ್ ಮಾಡಿದರೆ ಒಳ್ಳೆಯದು, ಮಾಡದಿದ್ದರೂ ನಷ್ಟವಿಲ್ಲ. ಸಾಲದ ಶಕ್ತಿಯನ್ನು ಮುಂದಕ್ಕೆ ಉಳಿಸಿಕೊಳ್ಳಿ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ವೈದ್ಯ ವಿದ್ಯಾರ್ಥಿಗಳಿಗೆ ಫೆಡರಲ್ ಸಾಲಕ್ಕೆ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್ ಎಂದು ಮಿತಿ ಬಂದಿದೆ. ಹಿಂದಿನಂತೆ ಪೂರ್ತಿ ಖರ್ಚಿಗೆ ಸರ್ಕಾರದ ಸಾಲ ಸಿಗುವ ಕಾಲ ಹೋಯಿತು.

ಮೂರನೆಯದು ಶಾಲೆಗಳ ಪಟ್ಟಿ ಮತ್ತು ತಾರೀಖು. ಇಲ್ಲಿ ಅವಳ ಪ್ರತಿಭೆಯ ಮಾತೇ ಇಲ್ಲ, ತಿಳಿಯದೆ ಆದ ಎಡವಟ್ಟು. ಹದಿನಾರರಲ್ಲಿ ಹತ್ತು ಶಾಲೆಗಳು ದೇಶದ ಅತಿ ಹೆಸರಾಂತವು. ನಾಲ್ಕು ಬೇರೆ ರಾಜ್ಯಗಳ ಸರ್ಕಾರಿ ಶಾಲೆಗಳು. ಸರ್ಕಾರಿ ಶಾಲೆಗಳು ತಮ್ಮ ರಾಜ್ಯದ ಮಕ್ಕಳಿಗೆ ಮೊದಲ ಮಣೆ ಹಾಕುತ್ತವೆ. ಟೆಕ್ಸಾಸ್‌ನಲ್ಲಿ ಸೀಟುಗಳ ಶೇ. 90ರಷ್ಟು ಆ ರಾಜ್ಯದವರಿಗೇ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಶಾಲೆ ವಾಷಿಂಗ್ಟನ್, ವಯೋಮಿಂಗ್, ಅಲಾಸ್ಕಾ, ಮೊಂಟಾನಾ, ಐಡಹೊ ಈ ಐದು ರಾಜ್ಯಗಳಿಗಾಗಿಯೇ ನಡೆಯುವಂಥದು. ಎಡಿಸನ್‌ನ ಹುಡುಗಿಗೆ ಅಲ್ಲಿ ಜಾಗವಿಲ್ಲವೆಂದೇ ತಿಳಿಯಬೇಕು. ನಿಮ್ಮ ರಾಜ್ಯದ ಶಾಲೆಗಳು ಪಟ್ಟಿಯಲ್ಲಿ ಎರಡೇ ಎರಡು! ರಟ್‌ಗರ್ಸ್‌ನ ನ್ಯೂಅರ್ಕ್ ಮತ್ತು ನ್ಯೂ ಬ್ರನ್ಸ್‌ವಿಕ್ ಶಾಲೆಗಳು, ಕ್ಯಾಮ್ಡೆನ್‌ನ ಕೂಪರ್, ಹ್ಯಾಕೆನ್‌ಸ್ಯಾಕ್ ಮೆರಿಡಿಯನ್ ಇವೆಲ್ಲವೂ ಮುಂದಿನ ಪಟ್ಟಿಯ ಮೇಲ್ತುದಿಯಲ್ಲಿರಬೇಕು. ರಟ್‌ಗರ್ಸ್‌ನ ಎರಡು ಶಾಲೆಗಳನ್ನು ಒಂದುಗೂಡಿಸಲು 2024ರಲ್ಲಿ ಒಪ್ಪಿಗೆ ಸಿಕ್ಕಿದೆ, ಹಾಗಾಗಿ ಹಾಕುವ ವರ್ಷ ಅವು ಒಂದಾಗಿವೆಯೋ ಎರಡಾಗಿಯೇ ಇವೆಯೋ ನೋಡಿಕೊಳ್ಳಿ. ಎಎಎಂಸಿಯ ಎಂಸಾರ್ ತಾಣಕ್ಕೆ ಸಣ್ಣ ಚಂದಾ ಕಟ್ಟಿದರೆ ಪ್ರತಿ ಶಾಲೆಯೂ ಹೊರರಾಜ್ಯದವರನ್ನು ಎಷ್ಟು ಜನರನ್ನು ಇಂಟರ್‌ವ್ಯೂಗೆ ಕರೆಯಿತು, ಎಷ್ಟು ಜನರನ್ನು ಸೇರಿಸಿಕೊಂಡಿತು ಎಂಬುದು ಸಿಗುತ್ತದೆ. ಹೆಸರು ನೋಡಿ ಆರಿಸುವುದನ್ನು ಬಿಟ್ಟು ಆ ಅಂಕಿ ನೋಡಿ ಆರಿಸಲಿ.

ಆಗಸ್ಟ್ ಕೊನೆಗೆ ಹಾಕಿದ್ದಂತೂ ತುಂಬಾ ತಡ. ಅರ್ಜಿ ಕಳಿಸಿದ ಮೇಲೆ ಆಮ್‌ಕ್ಯಾಸ್‌ನವರು ಟ್ರಾನ್ಸ್‌ಕ್ರಿಪ್ಟ್ ತಾಳೆ ನೋಡಲು ವಾರಗಟ್ಟಲೆ ತೆಗೆದುಕೊಳ್ಳುತ್ತಾರೆ. ಆಮೇಲೆ ಸೆಕೆಂಡರಿಗಳು. ಅವಳ ಕಡತ ಪೂರ್ತಿಯಾಗುವಾಗ ಅಕ್ಟೋಬರ್ ನಡುವಾಗಿತ್ತು. ಬಹುಪಾಲು ಶಾಲೆಗಳು ಬಂದ ಹಾಗೆ ಓದಿ, ಬಂದ ಹಾಗೆ ಕರೆಯುತ್ತವೆ, ಅಕ್ಟೋಬರ್ ನಡುವಿನಿಂದಲೇ ಸೀಟು ಕೊಡಲೂ ಶುರು ಮಾಡುತ್ತವೆ. ಮುಂದಿನ ಸಲ ಜೂನ್ ಮೊದಲ ವಾರ, ಸೆಕೆಂಡರಿ ಬಂದ ಎರಡು ವಾರದೊಳಗೆ ವಾಪಸು. ಶಿಫಾರಸು ಪತ್ರಗಳು ಹಳೆಯ ಅರ್ಜಿಯಿಂದ ತಾವಾಗಿ ಬರುವುದಿಲ್ಲ, ಹೊಸದಾಗಿ ತರಿಸಬೇಕು. ಕೆಲಸ ಮಾಡುವ ಕಡೆಯ ಡಾಕ್ಟರೊಬ್ಬರದು ಅವುಗಳಲ್ಲಿ ಇರಲೇಬೇಕು.

ಡಿಒ ಶಾಲೆಗಳ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಹಿಂಜರಿಕೆ ಕಂಡಿತು. ‘ಅದು ನಿಜವಾದ ಡಾಕ್ಟರ್ ಡಿಗ್ರಿಯಾ?’ ಎಂದು ಕೇಳಿದ್ದೀರಿ. ಹೌದು. ಆಸ್ಟಿಯೋಪಥಿಕ್ ವೈದ್ಯರಿಗೆ ಐವತ್ತೂ ರಾಜ್ಯಗಳಲ್ಲಿ ಪೂರ್ಣ ಪರವಾನಗಿ ಇದೆ, ಅವರು ಆಪರೇಷನ್ ಮಾಡುತ್ತಾರೆ, ಎಲ್ಲ ಔಷಧಗಳನ್ನೂ ಬರೆಯುತ್ತಾರೆ. 2020ರಿಂದ ಎಂಡಿ, ಡಿಒ ಇಬ್ಬರಿಗೂ ರೆಸಿಡೆನ್ಸಿ (ಡಿಗ್ರಿಯ ನಂತರ ಆಸ್ಪತ್ರೆಯಲ್ಲಿ ಪಡೆಯುವ ತರಬೇತಿ) ವ್ಯವಸ್ಥೆ ಒಂದೇ. ಈ ದೇಶದ ವೈದ್ಯ ವಿದ್ಯಾರ್ಥಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ ಡಿಒ ಶಾಲೆಗಳಲ್ಲಿದ್ದಾರೆ. ಚರ್ಮರೋಗ, ಮೂಳೆ ಶಸ್ತ್ರಚಿಕಿತ್ಸೆಯಂಥ ಕೆಲವು ವಿಭಾಗಗಳಲ್ಲಿ ದಾರಿ ಸ್ವಲ್ಪ ಕಿರಿದು, ಅದು ನಿಜ. ಆದರೆ 509 ಮತ್ತು 3.71 ಅಲ್ಲಿ ಬಲವಾದ ಅಂಕಗಳು. ನಿಮ್ಮ ರಾಜ್ಯದಲ್ಲೇ ರೋವನ್ ವಿಶ್ವವಿದ್ಯಾಲಯದ ಡಿಒ ಶಾಲೆ ಇದೆ. ಎಂಡಿಗೆ ಹದಿನೈದು, ಡಿಒಗೆ ಎಂಟು ಹತ್ತು ಎಂದು ಹಾಕಲಿ. ನಾಳೆ ಕೂಟದಲ್ಲಿ ಯಾರೋ ಏನೋ ಅನ್ನುತ್ತಾರೆ ಎಂಬ ಒಂದೇ ಕಾರಣಕ್ಕೆ ಈ ಬಾಗಿಲನ್ನು ಮುಚ್ಚಿಕೊಂಡ ಮನೆಗಳನ್ನು ನೋಡಿದ್ದೇನೆ. ಆ ಮಕ್ಕಳನ್ನು ನೆನೆದರೆ ನನಗೆ ಈಗಲೂ ನೋವಾಗುತ್ತದೆ.

ನಾಲ್ಕನೆಯದು ಬರವಣಿಗೆ. 5300 ಅಕ್ಷರಗಳ ಪ್ರಬಂಧದಲ್ಲಿ ಅರ್ಧಕ್ಕಿಂತ ಹೆಚ್ಚು ಹಾಸನದ ಅಜ್ಜಿಯ ಸಕ್ಕರೆ ಕಾಯಿಲೆಯ ಕಥೆ. ಅಜ್ಜಿ ಒಳ್ಳೆಯವರು, ಕಷ್ಟಪಟ್ಟರು, ಮೊಮ್ಮಗಳ ಕಣ್ಣಲ್ಲಿ ನೀರು ಬಂತು. ಓದಿ ಮುಗಿಸಿದಾಗ ನನಗೆ ಅಜ್ಜಿ ಗೊತ್ತಾದರು, ನಿಮ್ಮ ಮಗಳು ಗೊತ್ತಾಗಲಿಲ್ಲ. ನಡುವೆ ಒಂದು ಸಾಲು ಮಾತ್ರ ಎದ್ದು ನಿಂತಿತ್ತು. ಆ ಬೇಸಿಗೆ ರಜೆಯಲ್ಲಿ ಅಜ್ಜಿಯ ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಲು ದಿನಾ ಬರುತ್ತಿದ್ದ ನರ್ಸು, ಗಾಯದ ಅಂಚಿನ ಬಣ್ಣ ಯಾವುದಿದ್ದರೆ ಹೆದರಬೇಕು, ಯಾವುದಿದ್ದರೆ ವಾಸಿಯಾಗುತ್ತಿದೆ ಎಂದು ತಿಳಿಯಬೇಕು ಅನ್ನುವುದನ್ನು ಅವಳಿಗೆ ತೋರಿಸಿಕೊಟ್ಟರಂತೆ. ಆಮೇಲೆ ಅವಳು ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಆ ಬಣ್ಣ, ಅಳತೆ ಬರೆದಿಟ್ಟಳಂತೆ. ಇದನ್ನು ಒಂದೇ ಸಾಲಿನಲ್ಲಿ ದಾಟಿ, ಸಹಾನುಭೂತಿಯ ಮಹತ್ವದ ಬಗ್ಗೆ ಎರಡು ಪ್ಯಾರಾ ಬರೆದಿದ್ದಾಳೆ. ಅದು ತಿರುಗುಮುರುಗಾಗಬೇಕು. ಆ ನೋಟ್‌ಬುಕ್ ಇಟ್ಟ ಹುಡುಗಿಯನ್ನೇ ನಾವು ಹುಡುಕುವುದು. ಅಲ್ಲಿಂದ ಪ್ರಬಂಧ ಶುರುವಾಗಿ, ಈ ವರ್ಷದ ಕ್ಲಿನಿಕ್ ಕೆಲಸದಲ್ಲಿ ಅದೇ ಕಣ್ಣು ಏನನ್ನು ಗಮನಿಸಿತು ಅನ್ನುವ ಕಡೆಗೆ ಹೋಗಲಿ.

ಚಟುವಟಿಕೆಗಳ ಭಾಗದಲ್ಲೂ ಅದೇ ತೊಂದರೆ. ಹದಿನೈದರವರೆಗೆ ಹಾಕಬಹುದು, ಒಂದೊಂದಕ್ಕೆ 700 ಅಕ್ಷರ, ಬಹಳ ಮುಖ್ಯವಾದ ಮೂರಕ್ಕೆ ಇನ್ನೂ 1325. ಆಸ್ಪತ್ರೆಯ ಕೆಲಸದ ಬಗ್ಗೆ ಅವಳು ಬರೆದದ್ದರ ಸಾರ ಇಷ್ಟು: ‘ರೋಗಿಗಳಿಗೆ ನೆರವಾದೆ, ತಂಡದ ಕೆಲಸ ಕಲಿತೆ, ಆರೋಗ್ಯ ಸೇವೆಯ ಸವಾಲುಗಳನ್ನು ಅರಿತೆ.’ ಇದನ್ನು ಆಸ್ಪತ್ರೆಯ ಒಳಗೆ ಕಾಲಿಡದವರೂ ಬರೆಯಬಹುದು. ನಿಮ್ಮ ಮಗಳ ಜೊತೆ ಫೋನಿನಲ್ಲಿ ಮಾತಾಡುವಾಗ ಅಲ್ಲಿ ನಿಜವಾಗಿ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಡಿಸ್ಚಾರ್ಜ್ ಆದವರನ್ನು ವೀಲ್‌ಚೇರಿನಲ್ಲಿ ಗೇಟಿನವರೆಗೆ ಕರೆದೊಯ್ಯುತ್ತಿದ್ದೆ, ಕೈಯಲ್ಲಿ ಕೊಟ್ಟ ಕಾಗದ ಅರ್ಥವಾಯಿತೇ ಎಂದು ಲಿಫ್ಟಿನಲ್ಲಿ ಕೇಳಿದರೆ ಬಹಳ ಜನ ಇಲ್ಲ ಅನ್ನುತ್ತಿದ್ದರು, ಆಗ ಅವರನ್ನು ವಾಪಸು ನರ್ಸ್ ಬಳಿಗೆ ಕರೆದುಕೊಂಡು ಹೋಗುತ್ತಿದ್ದೆ ಅಂದಳು. ಬರೆಯಬೇಕಾದ್ದು ಇದನ್ನೇ.

ಸೀಟು ಸಿಗದ ಶಾಲೆಗಳಲ್ಲಿ ಕೆಲವು, ಸೈಕಲ್ (ಆ ವರ್ಷದ ಅರ್ಜಿಗಳ ಸುತ್ತು) ಮುಗಿದ ಮೇಲೆ ಕೇಳಿದರೆ ಎಲ್ಲಿ ಕಮ್ಮಿಯಾಯಿತು ಎಂದು ಹೇಳುತ್ತವೆ. ಮುಖ್ಯವಾಗಿ ನ್ಯೂಜೆರ್ಸಿಯ ಎರಡು ಶಾಲೆಗಳಿಗೆ ಮೇ ತಿಂಗಳಲ್ಲಿ ಒಂದು ವಿನಯದ ಇಮೇಲ್ ಹೋಗಲಿ. ಅದು ಅವಳ ಇಮೇಲ್‌ನಿಂದ, ಅವಳ ಮಾತಿನಲ್ಲೇ ಹೋಗಬೇಕು. ದಯವಿಟ್ಟು ನೀವಾಗಲೀ ನಿಮ್ಮ ಯಜಮಾನರಾಗಲೀ ಆಫೀಸಿಗೆ ಫೋನ್ ಮಾಡಬೇಡಿ. ಅವರು ನಿಮ್ಮ ಜೊತೆ ಮಾತಾಡುವುದಿಲ್ಲ, ಫೋನ್ ಬಂದದ್ದು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ.

ರೂಮಿನಿಂದ ಹೊರಗೆ ಬರುತ್ತಿಲ್ಲ ಅಂದಿರಿ. ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಜನ ಎಂಡಿ ಶಾಲೆಗಳಿಗೆ ಅರ್ಜಿ ಹಾಕುತ್ತಾರೆ, ಸೇರುವವರು 23 ಸಾವಿರ. ಅರ್ಧಕ್ಕಿಂತ ಹೆಚ್ಚು ಜನ ನಿಮ್ಮ ಮಗಳ ಹಾಗೆಯೇ ಬರಿಗೈಯಲ್ಲಿ ಉಳಿಯುತ್ತಾರೆ. ಸೇರಿದವರಲ್ಲೂ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಡಿಗ್ರಿ ಮುಗಿಸಿ ಒಂದಾದರೂ ವರ್ಷ ಹೊರಗಿದ್ದು ಬಂದವರು. ಇದನ್ನು ಅವಳಿಗೆ ಹೇಳಿ. ಹೇಳುವ ಮೊದಲು ಒಂದು ಮಾತು ಕೇಳಿ: ಡಾಕ್ಟರಾಗುವುದು ಅವಳಿಗೇ ಬೇಕೋ, ನಿಮ್ಮಿಬ್ಬರಿಗೆ ಬೇಸರವಾದೀತೆಂದು ಸುಮ್ಮನಿದ್ದಾಳೋ? ಪಕ್ಕದಲ್ಲಿ ಬೇರೆ ಯಾರೂ ಇಲ್ಲದಾಗ ಕೇಳಿ, ಉತ್ತರ ಏನೇ ಬಂದರೂ ಕೇಳಿಸಿಕೊಳ್ಳಿ. ನನ್ನ ಜೊತೆ ಮಾತಾಡಿದಾಗ ಆ ಲಿಫ್ಟಿನ ವಿಷಯ ಹೇಳುವಾಗ ಅವಳ ದನಿ ಬದಲಾಯಿತು, ಅವಳಿಗೇ ಬೇಕು ಎಂದು ನನಗೆ ಅನ್ನಿಸಿತು. ನಿದ್ದೆ, ಊಟ ಹೀಗೇ ಕೆಟ್ಟರೆ ಅರ್ಜಿಯ ವಿಷಯ ಪಕ್ಕಕ್ಕಿಟ್ಟು ಮೊದಲು ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗಿ.

ಎಚ್-4 ವೀಸಾ (ಅಪ್ಪ ಅಮ್ಮನ ಕೆಲಸದ ವೀಸಾಕ್ಕೆ ಅವಲಂಬಿತರ ವೀಸಾ) ಮೇಲೆ ಇರುವ ಮಕ್ಕಳ ತಂದೆತಾಯಿಯರೂ ಇದನ್ನು ಓದುತ್ತಿರುತ್ತಾರೆ, ಅವರಿಗೆ ಒಂದು ಸೂಚನೆ. ಮಗುವಿಗೆ 21 ತುಂಬುವಾಗ ಗ್ರೀನ್ ಕಾರ್ಡ್ ಬಂದಿರದಿದ್ದರೆ ಮಗು ಅಂತರರಾಷ್ಟ್ರೀಯ ವಿದ್ಯಾರ್ಥಿಯಾಗುತ್ತದೆ. ಅಂಥವರನ್ನು ತೆಗೆದುಕೊಳ್ಳದ ಎಂಡಿ ಶಾಲೆಗಳೇ ಹೆಚ್ಚು. ತೆಗೆದುಕೊಳ್ಳುವವುಗಳಲ್ಲೂ ಕೆಲವು, ಫೀಸಿನ ಹಣವನ್ನು ಮುಂಗಡವಾಗಿ ಠೇವಣಿ ಇಡಿ ಅನ್ನುತ್ತವೆ. ಅಂಥ ಮಕ್ಕಳ ಪಟ್ಟಿ, ಅವರನ್ನು ತೆಗೆದುಕೊಳ್ಳುವ ಶಾಲೆಗಳಿಂದಲೇ ಶುರುವಾಗಬೇಕು.

ಇನ್ನು ಊರಿನ ಸೀಟು. ಅಮೆರಿಕದ ಪೌರತ್ವ ಇರುವವರಿಗೂ ಕರ್ನಾಟಕದಲ್ಲಿ ನೀಟ್ ಬರೆಯದೆ ಎಂಬಿಬಿಎಸ್ ಸೀಟು ಇಲ್ಲ. ಎನ್‌ಆರ್‌ಐ ಕೋಟಾಕ್ಕೂ ನೀಟ್ ಅರ್ಹತೆ ಬೇಕು. ಒಸಿಐ ಕಾರ್ಡ್ (ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇದ್ದರೆ ಭಾರತೀಯರ ಸಾಮಾನ್ಯ ಸೀಟುಗಳಿಗೆ ಸ್ಪರ್ಧಿಸಬಹುದು ಎಂದು ಕೆಲವರು ಇನ್ನೂ ನಂಬಿದ್ದಾರೆ. 2021ರ ಮಾರ್ಚ್‌ನ ಕೇಂದ್ರದ ಅಧಿಸೂಚನೆಯ ನಂತರ ಕಾರ್ಡ್ ಪಡೆದವರಿಗೆ ಆ ದಾರಿ ಇಲ್ಲ, ಎನ್‌ಆರ್‌ಐ ಸೀಟುಗಳಷ್ಟೇ. ಪಿಯುಸಿ ಮಟ್ಟದಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರನ್ನೂ ಓದಿರಬೇಕು, ಇಲ್ಲಿಯ ಹೈಸ್ಕೂಲ್‌ನಲ್ಲಿ ಮೂರನ್ನೂ ಆ ಮಟ್ಟದಲ್ಲಿ ಓದದ ಮಕ್ಕಳು ಎಷ್ಟೋ ಇದ್ದಾರೆ. ನೀಟ್ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ. ಈಗ ಓದಲು ಕೂತರೂ 2027ರ ಮೇನಲ್ಲಿ ಬರೆದು, ಆ ವರ್ಷದ ಕೊನೆಯಲ್ಲಿ ಕಾಲೇಜು ಸೇರಿ, ನಾಲ್ಕೂವರೆ ವರ್ಷ ಓದಿ, ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸುವಾಗ 2033 ಬಂದಿರುತ್ತದೆ. ಇಲ್ಲಿ 2028ರಲ್ಲಿ ಸೇರಿದರೆ 2032ರ ಮೇನಲ್ಲಿ ಡಾಕ್ಟರಾಗುತ್ತಾಳೆ. ಅಲ್ಲಿಂದ ಬಂದ ಮೇಲೂ ಇಲ್ಲಿಯ ಪರವಾನಗಿಗೆ ಬೇಕಾದ ಯುಎಸ್‌ಎಂಎಲ್‌ಇ ಪರೀಕ್ಷೆಗಳು, ಹೊರದೇಶದಲ್ಲಿ ಓದಿದವರಿಗೆ ಬೇಕಾದ ಇಸಿಎಫ್‌ಎಂಜಿ ಪ್ರಮಾಣಪತ್ರ, ಆಮೇಲೆ ರೆಸಿಡೆನ್ಸಿಗೆ ಮ್ಯಾಚ್ (ತರಬೇತಿಯ ಸ್ಥಾನಗಳನ್ನು ಹಂಚುವ ವ್ಯವಸ್ಥೆ). ಹೊರದೇಶದಲ್ಲಿ ಓದಿದ ಅಮೆರಿಕನ್ ಪೌರರಲ್ಲಿ ಈಚೆಗೆ ಸುಮಾರು ಮೂರರಲ್ಲಿ ಇಬ್ಬರಿಗೆ ಮ್ಯಾಚ್ ಸಿಗುತ್ತಿದೆ. ಇಲ್ಲಿಯ ಎಂಡಿ, ಡಿಒ ಶಾಲೆಗಳ ಕೊನೆಯ ವರ್ಷದವರಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕಿಂತ ಹೆಚ್ಚು. ಊರಿನ ಕಾಲೇಜುಗಳ ಪಾಠದ ಬಗ್ಗೆ ನನಗೆ ಗೌರವವಿದೆ, ಅಲ್ಲಿ ಕಲಿತು ಬಂದು ಇಲ್ಲಿ ಹೆಸರು ಮಾಡಿದವರ ಜೊತೆ ಕೆಲಸ ಮಾಡಿದ್ದೇನೆ. ಭಾರತದಲ್ಲೇ ನೆಲೆಸಬೇಕು ಎಂದು ಅವಳು ಬಯಸಿದರೆ ಅದು ಒಳ್ಳೆಯ ದಾರಿ. ಇಲ್ಲೇ ವೈದ್ಯಳಾಗಬೇಕು ಅನ್ನುವುದಾದರೆ 2027 ಮತ್ತು 2028, ಎರಡು ಸೈಕಲ್‌ಗಳಲ್ಲಿ ಎಂಡಿ, ಡಿಒ ಎರಡೂ ಕೈಗೂಡದೆ ಹೋದ ಮೇಲೆ ಮಾತ್ರ ಈ ಮಾತನ್ನು ಮತ್ತೆ ತೆಗೆಯಿರಿ. ಇಲ್ಲಿ ಸೀಟು ಸಿಗದವರನ್ನು ಸೆಳೆಯುವ ಕೆರಿಬಿಯನ್ ದ್ವೀಪಗಳ ಶಾಲೆಗಳವರು ಅವಳ ಇಮೇಲ್‌ಗೆ ಈಗಾಗಲೇ ಬರೆಯುತ್ತಿರಬಹುದು. ಅವಕ್ಕೆ ಸದ್ಯ ಉತ್ತರ ಕೊಡುವುದು ಬೇಡ.